ಟೆಂಪಿ ಕೇಳಿದ್ದಾಳೆ

1866 ಜುಲೈ 9, ಸೋಮವಾರ

ಮಹಾಸಭೆಗೆ ವಂದನೆ. ಘನತೆವೆತ್ತ ಅಧ್ಯಕ್ಷರೇ, ಗದ್ಯಕ್ಕೆ ಆಕಳಿಸುವ ಪಂಡಿತರೇ, ಪದ್ಯಕ್ಕೆ ಎದ್ದು ಹೋಗುವ ಪಾಮರರೇ, ಬೀಸಣಿಗೆ ಹಿಡಿದು ಕೂತ ಮಹಿಳೆಯರೇ! ತಮ್ಮೆದುರು ನಿಂತಿರುವವಳು ಮಿಸ್ ಪರ್ಮೀಲಿಯ ಕಾಲ್ವಿಟ್. ವಯಸ್ಸು ನಲವತ್ತೈದು. ಮದುವೆ ಆಗಿಲ್ಲ, ಹಲ್ಲು ಹೋಗಿಲ್ಲ. ಕಾಲ್ವಿಟ್ ಮನೆತನದ ಪತ್ರಗಳನ್ನು ಇಪ್ಪತ್ತಾರು ವರ್ಷಗಳಿಂದ ಬರೆಯುವವಳೂ ಇವಳೇ, ಬಂದದ್ದನ್ನು ಓದಿ ಹೇಳುವವಳೂ ಇವಳೇ. ದಿನಚರಿಯಲ್ಲಿ ಗುಟ್ಟು ಇರಬೇಕು ಅಂತಾರೆ. ನನ್ನಲ್ಲಿ ಇಲ್ಲ. ಹಾಗಾಗಿ ಧೈರ್ಯವಾಗಿ ಸಭೆ ಕರೆದಿದ್ದೇನೆ.

ಹಾಜರಿ: ಬೆಕ್ಕು ಒಂದು. ಅದಕ್ಕೂ ನಿದ್ದೆ.

ಎಂಟಕ್ಕೆ ಅಮ್ಮನಿಗೆ ಕಾಫಿ. ಕಾಫಿ ಅನ್ನುವುದು ಮರ್ಯಾದೆಗೆ, ಒಳಗಿರುವುದು ಹುರಿದ ಗೆಣಸು. ಉತ್ತರದ ಯಾಂಕಿಗಳ ಜೊತೆಗಿನ ಯುದ್ಧ ಮುಗಿದು ವರ್ಷ ದಾಟಿತು, ಸೈನ್ಯ ಶರಣಾಯಿತು, ಗೆಣಸು ಇನ್ನೂ ಆಗಿಲ್ಲ. ಸೆಖೆ.

ಬಿಸಿಲೂ ಬಂತು, ನೊಣವೂ ಬಂತು,
ಹೊಸಿಲಲಿ ಅಮ್ಮನ ಗೊಣಗೂ ಬಂತು.

ಹತ್ತಕ್ಕೆ ಕೆಜಾಯ ಬಂದಳು. ನಮ್ಮ ಅಡುಗೆಯವಳು. ಹೋದ ವರ್ಷದವರೆಗೆ ನಮ್ಮ ಸ್ವತ್ತು, ಈಗ ಸಂಬಳಕ್ಕೆ. ಹಿಂಬಾಗಿಲಿಂದ ಬರುವವಳು ಮುಂಬಾಗಿಲಿಂದ ಬಂದಳು. ಕೂರು ಅನ್ನುವ ಮೊದಲೇ ಕೂತಳು. ನಾನು ಬೀಸಣಿಗೆ ಸ್ವಲ್ಪ ಜೋರಾಗಿ ಬೀಸಿಕೊಂಡೆ.

"ಮಿಸ್ ಮೀಲಿ, ನಾನು ಅಲಬಾಮಕ್ಕೆ ಹೊರಟಿದೀನಿ. ಟೆಂಪೀನ ಕರ್ಕೊಂಡು ಬರೋಕೆ."

"ಯಾವಾಗ?"

"ಇಪ್ಪತ್ತೊಂದಕ್ಕೆ, ಶನಿವಾರ. ನಮ್ಮ ಚರ್ಚಿನವರ ಗಾಡಿ ಸೆಲ್ಮಾ ಕಡೆ ಹೋಗ್ತಿದೆ. ನನ್ನ ಗಂಟಿಗೆ ಜಾಗ ಇದೆಯಂತೆ. ನನಗೆ ಇಲ್ಲ. ನಡೀತೀನಿ."

"ಇನ್ನೂರು ಮೈಲಿ ಕಣೇ."

"ಕಾಲು ಎರಡಿವೆ, ಒಂದೊಂದಕ್ಕೆ ನೂರು ಆಯ್ತಲ್ಲ."

ಟೆಂಪಿ ಅವಳ ಒಬ್ಬಳೇ ಮಗಳು. 1859ರ ಜನವರಿಯಲ್ಲಿ ನನ್ನ ತಮ್ಮ ಯೂಜಿನಿಯಸ್ ಅಲಬಾಮದ ಹುಡುಗಿಯನ್ನು ಮದುವೆಯಾಗಿ ಅಲ್ಲೇ ತೋಟ ಮಾಡಿದ. ಅಮ್ಮ ಉಡುಗೊರೆ ಕೊಟ್ಟಳು. ಪಟ್ಟಿ ಬರೆದವಳು ನಾನು. ಬೆಳ್ಳಿ ಚಮಚ ಒಂದು ಡಜನ್, ಕೌದಿ ನಾಲ್ಕು, ಟೆಂಪಿ, ನಿಲುಗನ್ನಡಿ ಒಂದು. ಟೆಂಪಿಗೆ ಆಗ ಹದಿನೈದು. ಅಕ್ಷರ ದುಂಡಗೆ ಬಂದಿತ್ತು.

ತಮ್ಮ ಜ್ವರದಲ್ಲಿ ತೀರಿಕೊಂಡು ಮೂರು ವರ್ಷ ಆಗುತ್ತ ಬಂತು. ಅವನ ಹೆಂಡತಿ ಮರುಮದುವೆಯಾಗಿ ಎಲ್ಲಿಗೋ ಹೋದಳು, ಪತ್ರ ಇಲ್ಲ. ಗುಲಾಮರಿಗೆ ಬಿಡುಗಡೆ ಆದ ಮೇಲೆ ಆ ಕಡೆಯಿಂದ ಮೂರು ಜನ ನಡೆದೇ ಊರಿಗೆ ವಾಪಸ್ಸಾದರು. ಟೆಂಪಿ ಬರಲಿಲ್ಲ.

ಕೆಜಾಯಳ ಕೋರಿಕೆ: ತಮ್ಮನ ಹಳೆಯ ಪತ್ರಗಳನ್ನೆಲ್ಲ ಇನ್ನೊಮ್ಮೆ ಓದಿ ಹೇಳಬೇಕು. ದಾರಿಯ ಹೆಸರು, ಹಳ್ಳದ ಹೆಸರು, ಪಕ್ಕದ ತೋಟದವರ ಹೆಸರು, ಏನಾದರೂ ಸಿಕ್ಕೀತು.

ಆಗಲಿ ಎಂದೆ. ಈ ಪುಸ್ತಕದಲ್ಲಿ ಪುಟದ ಗುರುತಿಗೆ ಒಂದು ಮಡಿಸಿದ ಕಾಗದ ಇಟ್ಟುಕೊಂಡಿದ್ದೇನೆ. ಅದನ್ನು ಇಲ್ಲಿಗೆ ಸೇರಿಸಿ ಮುಚ್ಚುತ್ತೇನೆ.

ಜುಲೈ 10, ಮಂಗಳವಾರ

ತಗಡಿನ ಪೆಟ್ಟಿಗೆ ತೆಗೆದೆವು. ಯೂಜಿನಿಯಸ್ ಬರೆದದ್ದು ಒಟ್ಟು ಇಪ್ಪತ್ತೊಂದು ಪತ್ರ. ಜಿಪುಣ. ಕಾಗದ ಉಳಿಸಲು ಹಾಳೆ ತುಂಬ ಬರೆದು, ಮತ್ತೆ ಅದನ್ನೇ ಅಡ್ಡ ತಿರುಗಿಸಿ ಬರೆದ ಸಾಲುಗಳ ಮೇಲೆಯೇ ಬರೆಯುತ್ತಿದ್ದ. ಕಿಟಕಿಯ ಸರಳಿನ ಹಾಗೆ ಕಾಣುತ್ತದೆ. ಇದನ್ನು ಓದಬಲ್ಲವರು ಈ ಭೂಮಿಯ ಮೇಲೆ ನಾನೊಬ್ಬಳೇ. ಸಭೆ ಚಪ್ಪಾಳೆ ತಟ್ಟಬಹುದು.

ಪತ್ರ ಬಂದಾಗ ಓದುತ್ತಿದ್ದ ಕ್ರಮ ಹೀಗೆ: ಮುಂಜಗಲಿಯಲ್ಲಿ ಅಮ್ಮ ಉಯ್ಯಾಲೆ ಕುರ್ಚಿಯಲ್ಲಿ. ನಾನು ಮೆಟ್ಟಿಲ ಮೇಲೆ. ಬಾಗಿಲಲ್ಲಿ ಕೆಜಾಯ, ಮಡಿಲಲ್ಲಿ ಬಿಡಿಸುವ ಬಟಾಣಿ. ಹತ್ತಿ, ಹವೆ, ಹೊಟ್ಟೆನೋವು, ದೇವರು, ಎಲ್ಲ ಮುಗಿದು ಹಾಳೆಯ ಅಡಿಯಲ್ಲಿ ಒಂದೆರಡು ಸಾಲು ಅವರಿಗೆ. ಎಲ್ಲ ಮನೆಗಳಲ್ಲೂ ಹಾಗೆಯೇ. ಅಲ್ಲಿಯ ಆಳುಗಳು ಇಲ್ಲಿಯ ತಮ್ಮವರನ್ನು ಕೇಳಿದೆನೆಂದು ಹೇಳಿಸುವುದು. ನಾನು ಇಲ್ಲಿಂದ ಬರೆಯುವಾಗಲೂ ಅಷ್ಟೇ. ಅದನ್ನು ಅಡಿಸಾಲು ಅನ್ನುತ್ತಿದ್ದೆ. ಅದಕ್ಕೆ ಬೇರೆ ಕಾಗದ ಬೇಡ, ಬೇರೆ ಅಂಚೆ ಬೇಡ.

ಅಡಿಸಾಲು ಬರುವವರೆಗೆ ಕೆಜಾಯ ಬಟಾಣಿ ಬಿಡಿಸುತ್ತಿದ್ದಳು. ಬಂದಾಗ ಬೆರಳು ನಿಲ್ಲುತ್ತಿತ್ತು.

ಇವತ್ತು ಏಳು ಪತ್ರ ಓದಿದೆ. 1859ರವು, 60ರ ಶುರುವಿನವು. ಏಳರಲ್ಲೂ ಅದೇ ಅಡಿಸಾಲು: ಟೆಂಪಿ ತನ್ನ ಅಮ್ಮನನ್ನು ಕೇಳಿದೆನೆಂದು ಹೇಳುತ್ತಾಳೆ, ತನ್ನ ಅಂಜೂರ ಬದುಕಿದೆಯೇ ಎನ್ನುತ್ತಾಳೆ.

ಹೊರಡುವ ಬೆಳಿಗ್ಗೆ ಅಡುಗೆಮನೆಯ ಬಾಗಿಲ ಹತ್ತಿರ ಒಂದು ಅಂಜೂರದ ಕಡ್ಡಿ ಚುಚ್ಚಿ ಹೋಗಿದ್ದಳು. ಈಗ ಅದು ಮಾಡಿನ ಎತ್ತರ. ಈ ತಿಂಗಳು ಕೊಂಬೆ ಬಾಗುವಷ್ಟು ಹಣ್ಣು.

ಜುಲೈ 12, ಗುರುವಾರ. ಮಧ್ಯಾಹ್ನ

ಉಳಿದ ಪತ್ರ ಓದಿದೆ. ಕೊನೆಯ ಹನ್ನೊಂದರ ಅಡಿಸಾಲು ಬೇರೆ ಥರ. ಉದಾಹರಣೆಗೆ 1861ರ ಮೇ:

"ಅಮ್ಮನಿಗೆ ಹೇಳಿ, ನಾನಿಲ್ಲಿ ಕ್ಷೇಮ,
ಹೊಸ ಅಂಗಿ ಕೊಟ್ಟರು, ಎಲ್ಲರಿಗೂ ಪ್ರೇಮ."

ಮತ್ತೊಂದರಲ್ಲಿ ಮೊಲ ಹಿಡಿದ ತಮಾಷೆ. ಮತ್ತೊಂದರಲ್ಲಿ ಹೊಸ ಹಾಡು ಕಲಿತ ಸುದ್ದಿ. ಒಳ್ಳೆಯ ಸಾಲುಗಳು, ಲಯ ಇದೆ.

ಕೆಜಾಯ ಕೇಳಿದಳು: "ಇದು ಅವಳೇ ಹೇಳಿದ್ದಾ?"

"ಮತ್ತಿನ್ಯಾರು?"

"ಹಾಡು ಹೇಳ್ದಂಗಿದೆ. ನನ್ನ ಮಗಳಿಗೆ ಎರಡು ಮಾತು ಜೋಡಿಸೋಕೆ ಬರ್ತಿರ್ಲಿಲ್ಲ."

"ದೊಡ್ಡವಳಾದಳು. ಕಲಿತಿರ್ತಾಳೆ."

"ಅಂಜೂರ ಯಾಕೆ ಕೇಳ್ಲಿಲ್ಲ?"

ಉತ್ತರವನ್ನೂ ಅವಳೇ ಕೊಟ್ಟುಕೊಂಡಳು.

"ಸಿಟ್ಟು. ನನ್ನ ಮೇಲೆ ಸಿಟ್ಟು ಅವಳಿಗೆ. ಹೊರಡೋ ದಿನ ಜೋರಾಗಿ ಅತ್ತಳಲ್ಲ, ದೊಡ್ಡಮ್ಮೋರು ಕೇಳಿಸ್ಕೊಂಡ್ರೆ ಚಾಟಿ ತರ್ತಾರೆ ಅಂತ ಬಾಯಿ ಮೇಲೆ ಹೊಡೆದೆ ಮಿಸ್ ಮೀಲಿ. ಅವಳನ್ನ ಮುಟ್ಟಿದ್ದು ಅದೇ ಕೊನೆ. ಮೊದಮೊದಲು ಮರೆತಿದ್ದಳು ಅನ್ಸುತ್ತೆ. ಆಮೇಲೆ ನೆನಪಾಗಿದೆ. ಅದಕ್ಕೇ ಅಂಜೂರ ಬಿಟ್ಟಳು. ಅದಕ್ಕೇ ಬರ್ಲಿಲ್ಲ."

"ಹಾಗೇನೂ ಇರಲಿಕ್ಕಿಲ್ಲ ಬಿಡು."

"ಹೋಗಿ ಕಾಲು ಹಿಡೀತೀನಿ. ಮಗಳಾದ್ರೇನು."

ಆಮೇಲೆ ಕೈಬೆರಳು ಮಡಚಿ ಲೆಕ್ಕ ಹಾಕಿದಳು. ಅವಳಿಗೆ ಓದು ಬರದು, ನೆನಪು ಬರುತ್ತದೆ. "ಇಪ್ಪತ್ತು ಓದಿದ್ರಿ. ಇಪ್ಪತ್ತೊಂದು ಇರ್ಬೇಕು. ಅರವತ್ತರ ಕ್ರಿಸ್‌ಮಸ್ ಮುಂಚೆ ಒಂದು ಬಂದಿತ್ತು. ನಾನು ಹ್ಯಾಮ್ ಬೇಯಿಸ್ತಿದ್ದೆ. ಓದಿ ಹೇಳಿ ಅಂದಿದ್ದಕ್ಕೆ ತಲೆನೋವು ಅಂದ್ರಿ."

ಇಲಿ ತಿಂದಿರಬೇಕು ಎಂದೆ. ಹುಡುಕುತ್ತೇನೆ ಎಂದೆ.

ಸಭೆಗೆ ಸೂಚನೆ: ಪತ್ರ ಸಿಗುತ್ತಿಲ್ಲ.

ಜುಲೈ 19, ಗುರುವಾರ

ಒಂದು ವಾರ ಬರೆಯಲಿಲ್ಲ. ಶಾಯಿ ಇತ್ತು.

ಹುಡುಕಾಟ ನಡೆದಿದೆ. ಡ್ರಾಯರ್, ಬೈಬಲ್, ಟೋಪಿ ಪೆಟ್ಟಿಗೆ, ಪಿಯಾನೋದ ಹೊಟ್ಟೆ. ಕೆಜಾಯ ದಿನಾ ಬೆಳಿಗ್ಗೆ ಬಂದು ನಿಲ್ಲುತ್ತಾಳೆ. "ಸಿಕ್ತಾ?" "ಇಲ್ಲ." ಹೋಗುತ್ತಾಳೆ. ಬೆಳಗಿನ ತಿಂಡಿಗೆ ಅವಳು ಸುಡುವ ಬಿಸ್ಕೆಟ್ ರೊಟ್ಟಿ ಮಾತ್ರ ಮೊದಲಿನಷ್ಟೇ ಮೃದು. ಅದು ಇನ್ನೂ ಕಷ್ಟ.

ಅಮ್ಮನಿಗೆ ವಿಷಯ ಗೊತ್ತಾಯಿತು.

"ಹೋದ್ರೆ ಹೋಗ್ಲಿ. ವಾಪಸ್ ಬರೋವರೆಗೂ ಬಿಸ್ಕೆಟ್ ಯಾರು ಮಾಡ್ತಾರೆ?"

"ನಾನು."

"ಅಯ್ಯೋ, ಯಾಂಕಿಗಳ ಕೈಲಿ ಉಳಿದ ಹಲ್ಲು ನಿನ್ನ ಕೈಲಿ ಹೋಗುತ್ತೆ ಬಿಡು." ಸ್ವಲ್ಪ ಹೊತ್ತು ತೂಗಿಕೊಂಡಳು. "ನನ್ನ ಮಗ ಆ ಹುಡುಗೀನ ಚೆನ್ನಾಗೇ ನೋಡ್ಕೊಂಡಿರ್ತಾನೆ. ಅವನ ಪತ್ರದಲ್ಲೇ ಇದೆಯಲ್ಲ. ಹೊಸ ಅಂಗಿ ಕೊಟ್ಟಿದ್ದ. ನೀನೇ ಓದಿದ್ದೆ."

"ಹೂಂ. ನಾನೇ ಓದಿದ್ದೆ."

"ಸತ್ತವನ ಹೆಸರಿಗೆ ಮಸಿ ಬಳಿಯೋ ಕೆಲಸ ಈ ಮನೇಲಿ ಆಗ್ಬಾರ್ದು ಮೀಲಿ."

ಯಾಕೆ ಹಾಗೆಂದಳೋ. ವಯಸ್ಸು. ಆಮೇಲೆ ಅಂಜೂರದ ಜಾಮ್ ಕೇಳಿದಳು. ಕೊಟ್ಟೆ.

ಜುಲೈ 20, ಶುಕ್ರವಾರ. ಸಂಜೆ ನಾಲ್ಕು

ಕೆಜಾಯ ಗಂಟು ಕಟ್ಟಿ ಆಗಿದೆ. ಒಂದು ಚೀಟಿ ತಂದಳು. ಯೂಜಿನಿಯಸ್‌ನ ತೋಟದ ವಿಳಾಸ ಬರೆದುಕೊಡಿ, ದಾರಿಯಲ್ಲಿ ಓದಬಲ್ಲವರಿಗೆ ತೋರಿಸುತ್ತೇನೆ ಎಂದಳು.

ಬರೆದೆ. ಸೆಲ್ಮಾದಿಂದ ಒಂಬತ್ತು ಮೈಲಿ, ಮರದ ಸೇತುವೆ ದಾಟಿ ಎಡಕ್ಕೆ. ಅಕ್ಷರ ದುಂಡಗೆ ಬಂತು. ಆ ಮನೆಯಲ್ಲಿ ಈಗ ಯಾರೂ ಇಲ್ಲ. ಛಾವಣಿಯೂ ಇಲ್ಲವಂತೆ.

ಬುಟ್ಟಿಯಲ್ಲಿ ಅಂಜೂರ ತುಂಬಿಸುತ್ತಿದ್ದಳು. ಒಣಗಿಸಿದ್ದು ಸ್ವಲ್ಪ, ಹಸಿಯದು ಸ್ವಲ್ಪ.

"ಹಸೀದು ಎರಡನೇ ದಿನಕ್ಕೇ ಕೊಳೆಯುತ್ತೆ," ಎಂದೆ.

"ಕೊಳೀಲಿ. ಗಿಡ ಬದುಕಿದೆ ಅಂತ ಗೊತ್ತಾದ್ರೆ ಸಾಕು."

"ನೀನೂ ಒಂದು ತಿನ್ನು. ಬಿಸಿಲಲ್ಲಿ ನಿಂತಿದೀಯ."

"ನಾನು ಇದರ ಹಣ್ಣು ಬಾಯಿಗೆ ಹಾಕಿಲ್ಲ ಮಿಸ್ ಮೀಲಿ. ಗಿಡ ಅವಳದು. ಮೊದಲು ಅವಳು ತಿನ್ಲಿ."

ನಾಲ್ಕು ವರ್ಷದಿಂದ ಹಣ್ಣು ಬಿಡುತ್ತಿದೆ. ನಾನು ತಿಂದಿದ್ದೇನೆ. ಪ್ರತಿ ವರ್ಷ.

ಹೊರಡುವಾಗ ತಿರುಗಿ ನಿಂತಳು. "ಒಂದು ಮಾತು. ನೀವು ಓದಿದ್ದೆಲ್ಲ ಕಾಗದದಲ್ಲಿ ಇದ್ದ ಹಾಗೇ ತಾನೇ?"

"ಇದ್ದ ಹಾಗೇ."

ನನ್ನ ಮುಖ ನೋಡಿದಳು. ಎಷ್ಟು ಹೊತ್ತು ಅಂತ ಹೇಳಲಾರೆ. ಬಟಾಣಿ ಬಿಡಿಸುವಾಗ ಬೆರಳು ನಿಲ್ಲುತ್ತಿತ್ತಲ್ಲ, ಅಷ್ಟು ಹೊತ್ತು.

"ಸರಿ," ಅಂದಳು. "ಬೆಳಿಗ್ಗೆ ಆರಕ್ಕೆ ಗಾಡಿ."

ಸಭೆಗೆ ಇವತ್ತು ಪ್ರಾಸ ಇಲ್ಲ.

ಜುಲೈ 21, ಶನಿವಾರ. ಐದೂವರೆ

ಸಭಿಕರೇ, ಎದ್ದು ಹೋಗಿ. ಸಭೆ ಇಲ್ಲ. ಬೆಕ್ಕೂ ಇಲ್ಲ.

ಪತ್ರ ಕಳೆದಿಲ್ಲ. ಯಾವತ್ತೂ ಕಳೆದಿರಲಿಲ್ಲ. ಈ ಪುಸ್ತಕದಲ್ಲಿ ಪುಟದ ಗುರುತಿಗೆ ಇಟ್ಟಿರುವುದು ಅದೇ. ಹಿಂದಿನ ಪುಸ್ತಕದಲ್ಲೂ ಅದೇ, ಅದಕ್ಕೂ ಹಿಂದಿನದರಲ್ಲೂ ಅದೇ. ಈಗ ಎಡಗೈ ಕೆಳಗಿದೆ.

1860 ಡಿಸೆಂಬರ್ 11. ಯೂಜಿನಿಯಸ್ ಬರೆದದ್ದು, ಅಡ್ಡ ಸಾಲುಗಳಲ್ಲಿ: ಹತ್ತಿ ಕೈಕೊಟ್ಟಿತು, ಟೆಂಪಿಯನ್ನು ಮಾರಿದ್ದೇನೆ. ಕೊಂಡವನು ಸ್ಟಬಲ್‌ಫೀಲ್ಡ್, ಟೆಕ್ಸಸ್‌ನಲ್ಲಿ ಬ್ರಾಜೋಸ್ ನದಿ ದಡದ ತೋಟಗಾರ. ಕೆಜಾಯಳಿಗೆ ಈಗಲೇ ಹೇಳಬೇಡ, ಅಮ್ಮನ ಹಬ್ಬದ ಊಟ ಕೆಟ್ಟೀತು. ಕ್ರಿಸ್‌ಮಸ್ ಕಳೆದ ಮೇಲೆ ಹೇಳು.

ಯಾವ ಕ್ರಿಸ್‌ಮಸ್ ಅಂತ ಬರೆದಿರಲಿಲ್ಲ. ಆರು ಕಳೆದವು.

ಮುಂದಿನ ಪತ್ರದಲ್ಲಿ ಅಡಿಸಾಲು ಇರಲಿಲ್ಲ. ಕೆಜಾಯಳ ಬೆರಳು ನಿಂತಿತ್ತು. ಒಂದು ಸಾಲು ಹೇಳಿಬಿಟ್ಟೆ. ಅದು ಚೆನ್ನಾಗಿ ಬಂತು. ಅವಳು ನಕ್ಕಳು. ಹನ್ನೊಂದು ಸಲ ಹೇಳಿದೆ. ಮೊನ್ನೆ ಮತ್ತೆ ಹನ್ನೊಂದು ಸಲ, ಬಿಳಿ ಕಾಗದದ ಅಡಿಯನ್ನು ನೋಡುತ್ತ. ಅಂಜೂರ ನಾನೇ ಬಿಟ್ಟದ್ದು. ಪ್ರತಿ ಸಲ ಅದೇ ಅಂಜೂರ, ಅದಕ್ಕೆ ಪ್ರಾಸ ಕೂಡುತ್ತಿರಲಿಲ್ಲ. ಬೇಸರ ಬಂದು ಬಿಟ್ಟೆ. ಅಷ್ಟೇ ಕಾರಣ. ಬೇರೆ ಇಲ್ಲ. ಕರುಣೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಇನ್ನೊಂದು ಇದೆ. ಮಾರಿದ ಸುದ್ದಿಯ ಪತ್ರಕ್ಕೂ ಯೂಜಿನಿಯಸ್ ಅಡಿಸಾಲು ಬರೆದಿದ್ದಾನೆ. ರೂಢಿ. ಕೈ ತಾನಾಗಿ ಬರೆದಿರಬೇಕು. ಇಲ್ಲಿ ಇಳಿಸುತ್ತಿದ್ದೇನೆ, ಇದ್ದ ಹಾಗೇ:

"ಟೆಂಪಿ ಹೊರಡುವ ಮೊದಲು ಅಮ್ಮನನ್ನು ಕೇಳಿದೆನೆಂದು ಹೇಳಿದಳು. ಅಂಜೂರ ಬದುಕಿದೆಯೇ ಎಂದಳು. ಹಣ್ಣು ಬಿಟ್ಟರೆ ಅಮ್ಮ ಕಾಯುವುದು ಬೇಡ, ತಿನ್ನಲಿ ಎಂದಳು."

ಹನ್ನೊಂದು ಸುಳ್ಳು ತಲುಪಿಸಿದೆ. ಇದೊಂದು ನಿಜವನ್ನು ನನ್ನಲ್ಲೇ ಇಟ್ಟುಕೊಂಡೆ.

ಗಾಡಿ ಗೇಟಿಗೆ ಬಂತು. ಕಿಟಕಿಯಿಂದ ಕಾಣುತ್ತಿದೆ. ಗಂಟು ಗಾಡಿಗೆ ಹಾಕಿದಳು, ಬುಟ್ಟಿ ಕೈಯಲ್ಲೇ ಇದೆ. ನನ್ನ ದುಂಡಗಿನ ವಿಳಾಸದ ಚೀಟಿಯನ್ನು ಯಾರಿಗೋ ತೋರಿಸುತ್ತಿದ್ದಾಳೆ. ಅಮ್ಮ ಒಳಗಿಂದ ಕಾಫಿ ಅಂತ ಕೂಗುತ್ತಿದ್ದಾಳೆ. ಕೂಗಲಿ. ಆ ಪತ್ರ ಕೈಗೆ ತೆಗೆದುಕೊಂಡೆ. ಎಲ್ಲಿಂದ ಶುರು ಮಾಡಲಿ—ಅಡಿಯಿಂದಲೇ. ಕೆಜಾಯ, ನಿಲ್ಲು, ಟೆಂಪಿ ಕೇಳಿದ್ದಾ—