ನಿನ್ನ ಪರವಾಗಿ ಆಡಿದ ಮಾತು

ಗುರುವಾರ, ಬೆಳಿಗ್ಗೆ

ನನ್ನ ಗುಮ್ಮನಗುಸುಕಿಗೆ,

ನಿನ್ನ ಫೋನ್ ಆಫ್. ಮನೆಗೆ ಬಂದು ಬೆಲ್ ಒತ್ತಿದರೆ ನೀನು ಮಲಗಿದ್ದೀಯ ಅಂತ ನಿಮ್ಮಮ್ಮ ಬಾಗಿಲಲ್ಲೇ ಹೇಳಿ ಕಳಿಸುತ್ತಾರೆ. ಹಾಗಾಗಿ ಈ ಕಾಗದ. ಕೊನೆವರೆಗೂ ಓದು, ಅರ್ಧಕ್ಕೇ ಅಳುವುದಕ್ಕೆ ಶುರು ಮಾಡಬೇಡ.

ನಿನ್ನೆ ಕಳಿಸಿದ ಮೆಸೇಜು ಓದಿದೆ. ಸ್ಕಾಲರ್‌ಶಿಪ್ ಬೇಡ ಅಂತ ಬಿಟ್ಟುಬಿಡುತ್ತೀಯಂತೆ. ನಾಳೆ ಸಂಜೆ ಐದರೊಳಗೆ ಒಪ್ಪಿಗೆ ಕಳಿಸದಿದ್ದರೆ ಅದು ತಾನಾಗಿ ಎರಡನೆಯವಳಿಗೆ ಹೋಗುತ್ತದಂತೆ, ಆ ಎರಡನೆಯವಳು ನಾನಂತೆ. ಮಹಾತಾಯಿ, ಅದು ನನಗೂ ಗೊತ್ತು. ನಮ್ಮಿಬ್ಬರಿಗೂ ಒಂದೇ ದಿನ ಆ ದೊಡ್ಡ ಕಾಲೇಜಿನಲ್ಲಿ, ಪರೀಕ್ಷೆಗೆ ಮೊದಲೇ ಕೊಡುವ ಅರ್ಲಿ ಅಡ್ಮಿಷನ್ ಸಿಕ್ಕಾಗ ಶಾಲೆಯ ಮೆಟ್ಟಿಲ ಮೇಲೆ ಕುಣಿದವರಲ್ಲವೇ ನಾವು? ನಮ್ಮ ಶಾಲೆಗೆ ಅವರು ಕೊಡುವುದು ಒಂದೇ ಮೆರಿಟ್ ಸ್ಕಾಲರ್‌ಶಿಪ್ ಅಂತ ಆಮೇಲೆ ತಾನೇ ತಿಳಿದದ್ದು. ಅದಿಲ್ಲದೆ ನಿಮ್ಮಪ್ಪನ ಲಿಫ್ಟ್ ರಿಪೇರಿ ಸಂಬಳದಲ್ಲಾಗಲಿ, ನಮ್ಮಮ್ಮನ ಪಾರ್ಲರ್ ಗಳಿಕೆಯಲ್ಲಾಗಲಿ ಆ ಕಾಲೇಜಿನ ಗೇಟು ದಾಟುವುದೂ ಆಗದ ಮಾತು.

ಇಂಟರ್‌ವ್ಯೂನಲ್ಲಿ ಸ್ಕಾಲರ್‌ಶಿಪ್ ಕೊಡುವ ಆ ಕಾಲೇಜಿನವರದ್ದೊಂದು ವಿಚಿತ್ರ ಪದ್ಧತಿ. ನಮ್ಮ ಬಗ್ಗೆ ನಾವು ಒಂದು ಮಾತೂ ಆಡುವ ಹಾಗಿಲ್ಲ. ಎದುರಾಳಿಗೆ ಯಾಕೆ ಕೊಡಬೇಕು ಅಂತ ಅವಳ ಮುಂದೆಯೇ ಹೇಳಬೇಕು. ಮೊದಲ ಸರದಿ ನಿನ್ನದು. ಇವಳು ಶಿಸ್ತಿನ ಹುಡುಗಿ, ಟೈಮಿಗೆ ಸರಿಯಾಗಿ ಬರ್ತಾಳೆ ಅಂದೆ, ನೀರು ಕುಡಿದೆ, ಕೂತುಬಿಟ್ಟೆ. ಟೈಮಿಗೆ ಸರಿಯಾಗಿ ಬರುವುದಕ್ಕೆ ನಾನೇನು ಬಸ್ಸಾ? ಪಾಪ, ಹೆದರಿ ಬಾಯಿ ಕಟ್ಟಿತು ಅಂದುಕೊಂಡಿದ್ದೆ. ಬೇಕಂತಲೇ ಸುಮ್ಮನಾದೆ ಅಂತ ಈಗ ನೀನೇ ಬರೆದಿದ್ದೀಯ. ಕೋಪ ಬಂತು, ಇಲ್ಲ ಅಂದರೆ ಸುಳ್ಳು. ಚಹಾದ ಲೋಟವನ್ನು ಸಿಂಕಿಗೆ ಎಸೆದು ಅಮ್ಮನಿಂದ ಬೈಸಿಕೊಂಡೆ.

ಆದರೆ ನನ್ನ ದೊಡ್ಡ ಮನಸ್ಸಿನ ಮುಂದೆ ನೀನು ಸಣ್ಣವಳಾದೆ ಅಂತ ಬರೆದಿದ್ದೀಯಲ್ಲ, ಅದಕ್ಕೆ ಮಾತ್ರ ನಗು ಬಂತು. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಇದು ಮನಸ್ಸು ಅಳೆಯುವ ಪರೀಕ್ಷೆ, ಎದುರಾಳಿಯನ್ನು ಚೆನ್ನಾಗಿ ಹೊಗಳಿದವಳಿಗೇ ಕೊಡುತ್ತಾರೆ ಅಂತ ನಾನು ಲೆಕ್ಕ ಹಾಕಿದ್ದೆ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರಲು ಹೋದೆ, ಅಷ್ಟೇ ವ್ಯತ್ಯಾಸ. ಅದಕ್ಕೇ ಲ್ಯಾಬಿನ ತಕ್ಕಡಿ ಕಥೆ ತೆಗೆದದ್ದು. ತಕ್ಕಡಿ ತಪ್ಪು ತೋರಿಸುತ್ತಿದೆ ಅಂತ ಮೇಷ್ಟರಿಗೂ ಗೊತ್ತಾಗಿರಲಿಲ್ಲ. ನೀನು ಕಂಡುಹಿಡಿದು, ರಜೆಯಲ್ಲಿ ಒಬ್ಬಳೇ ಕೂತು ಇಡೀ ಕ್ಲಾಸಿನ ಪ್ರಯೋಗಗಳನ್ನು ಮತ್ತೆ ಮಾಡಿದೆ, ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಇಂಟರ್‌ವ್ಯೂ ಮಾಡುತ್ತಿದ್ದ ಕನ್ನಡಕದ ಮೇಡಂ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಗೆದ್ದೆ ಅಂದುಕೊಂಡೆ. ನೋಡಿದರೆ, ಅವರು ನನ್ನ ಮಾತನ್ನು ನಂಬಿಬಿಟ್ಟರು! ನನ್ನ ಬಾಯೇ ನನಗೆ ಶತ್ರುವಾಯಿತು.

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ, ಕಷ್ಟ ಇರುವುದೇ ಅಲ್ಲಿ. ಹೇಳುತ್ತಾ ಹೇಳುತ್ತಾ ನನಗೇ ಅನಿಸಿತು, ಆ ಮೇಜಿನ ಆಚೆ ನಾನು ಕೂತಿದ್ದರೂ ನಿನಗೇ ಕೊಡುತ್ತಿದ್ದೆ ಅಂತ. ಅದರಿಂದ ಸಂಕಟವಾಯಿತು, ಈಗಲೂ ಆಗುತ್ತಿದೆ. ನಾನು ಇಲ್ಲೇ ಊರಿನ ಕಾಲೇಜಿಗೆ ಸೇರುತ್ತೇನೆ, ಅಮ್ಮ ಆಗಲೇ ವಿಚಾರಿಸಿಕೊಂಡು ಬಂದಿದ್ದಾಳೆ. ನೀನು ಬಿಸಾಕಿದ್ದನ್ನು ನಾನು ಎತ್ತಿಕೊಂಡರೆ ಅದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ನಿನ್ನ ಮೇಲಿನ ಸಿಟ್ಟು ಇಳಿಯುವುದಕ್ಕೂ ಸ್ವಲ್ಪ ದಿನ ಬೇಕು, ಇಳಿಯುತ್ತದೆ. ನೀನು ಸುಮ್ಮನೆ ಒಪ್ಪಿಗೆ ಕಳಿಸು.

ನಿನ್ನ
ಪಟಾಕಿ

ತಾ.ಕ.: ಇವತ್ತು ಶುಕ್ರವಾರ, ಸಂಜೆ ನಾಲ್ಕೂವರೆ. ಮೇಲಿನದೆಲ್ಲ ನಿನ್ನೆಯೇ ಬರೆದು ಮುಗಿಸಿದ್ದೆ. ಕೊಡಲು ನಿಮ್ಮ ಮನೆ ತನಕ ಬಂದವಳು ಕಾಗದವನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ವಾಪಸು ಹೋದೆ. ಇವತ್ತೂ ಮಧ್ಯಾಹ್ನದಿಂದ ಎದುರಿನ ಜೆರಾಕ್ಸ್ ಅಂಗಡಿ ಮುಂದೆ ಗಡಿಯಾರ ನೋಡುತ್ತಾ ನಿಂತಿದ್ದೆ, ಬೇಗ ಐದಾಗಲಿ ಅಂತ. ಐದು ದಾಟಿದರೆ ಅದು ಯಾರದಾಗುತ್ತದೆ ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ. ಈಗ ಬಾಗಿಲ ಕೆಳಗಿನಿಂದ ತಳ್ಳುತ್ತಿದ್ದೇನೆ. ನನ್ನ ಮನಸ್ಸು ಮತ್ತೆ ತಿರುಗುವ ಮೊದಲು ಒಪ್ಪಿಗೆ ಕಳಿಸಿಬಿಡು, ಆಮೇಲೆ ಬಾಗಿಲು ತೆಗಿ. ಇಲ್ಲೇ ಹೊರಗೆ ನಿಂತಿದ್ದೇನೆ.