ದೇವರಿಂದ ಬಚ್ಚಿಟ್ಟ ಮಗುವಿಗೆ

ನನ್ನ ಪುಟ್ಟಾ,

ಬೆಳಗ್ಗೆಯಿಂದ ನೀನು ಹೊಟ್ಟೆಯಲ್ಲಿ ಒದ್ದಿಲ್ಲ. ಈಗ ಹನ್ನೊಂದೂವರೆ. ಕನ್ನಡಕದಂಗಡಿಯ ಹಿಂಕೋಣೆಯಲ್ಲಿ ನಾನು ಗಾಜು ಉಜ್ಜುವ ಮಿಷನ್ ಶುರು ಮಾಡಿದ ಕೂಡಲೇ ದಿನಾ ಒದೆಯುತ್ತಿದ್ದವರು ನೀವು, ದೊಡ್ಡ ಮನುಷ್ಯರು. ಇವತ್ತು ಮೂರು ಜೊತೆ ಗಾಜು ಮುಗಿದರೂ ಸದ್ದಿಲ್ಲ. ಎದ್ದು ಆಸ್ಪತ್ರೆಗೆ ಓಡಿಬಂದೆ. ಸ್ಕ್ಯಾನಿಂಗ್ ಕೋಣೆಯ ಹೊರಗೆ ಬೆಂಚಿನಲ್ಲಿ ಕೂತು, ಚೀಲದಲ್ಲಿದ್ದ ಆರ್ಡರ್ ಚೀಟಿಗಳ ಹಿಂಬದಿಯಲ್ಲಿ ಇದನ್ನು ಬರೆಯುತ್ತಿದ್ದೇನೆ.

ನಿನಗೊಂದು ವಿಷಯ ಹೇಳಿಬಿಡಬೇಕು. ಏಳು ತಿಂಗಳಾದರೂ ನಿನಗಾಗಿ ನಾನು ದೇವರಿಗೆ ಒಂದು ಸ್ತೋತ್ರವನ್ನೂ ಹೇಳಿಲ್ಲ.

ನಮ್ಮ ಮನೆಯಲ್ಲಿ ದಿನಾ ಸಂಜೆ ಊಟಕ್ಕೆ ಮೊದಲು ಪ್ರಾರ್ಥನೆ. ಅದರ ಕೊನೆಗೆ ಒಬ್ಬೊಬ್ಬರೂ ಆ ದಿನದ ಒಂದು ಉಪಕಾರವನ್ನು ನೆನೆದು, ಬಾಯಿಬಿಟ್ಟು ಕರ್ತನಿಗೆ ಸ್ತೋತ್ರ, ಅಂದರೆ ದೇವರಿಗೆ ಕೃತಜ್ಞತೆ, ಹೇಳಬೇಕು. ಇದು ನಿನ್ನ ಅಜ್ಜಿ, ಅಂದರೆ ನನ್ನ ಅತ್ತೆ, ಮಾಡಿದ ಕಾನೂನು. ಜ್ವರ ಬಂದು ಮಲಗಿದ್ದರೂ ವಿನಾಯಿತಿಯಿಲ್ಲ. ಮೊದಲ ಸಲ ಬಸಿರಾದಾಗ ಊಟದ ಮೇಜಿನ ಮುಂದೆ ಎಲ್ಲರಿಗಿಂತ ಜೋರಾಗಿ ಹೇಳಿದ್ದೆ. ಹೇಳಿದ ಹನ್ನೆರಡು ದಿನಕ್ಕೆ ಆ ಕೂಸು ಹೊಟ್ಟೆಯಲ್ಲೇ ಹೋಯಿತು. ಎರಡನೆಯದಕ್ಕೂ ಹೇಳಿದೆ, ಸ್ವಲ್ಪ ಮೆಲ್ಲಗೆ. ಅದೂ ಉಳಿಯಲಿಲ್ಲ.

ನೀನು ಬಂದಾಗ ಬಾಯಿಗೆ ಬೀಗ ಹಾಕಿಕೊಂಡೆ. ಹೇಳಿದರೆ ತಾನೇ ದೇವರ ಕಣ್ಣು ನಿನ್ನ ಮೇಲೆ ಬೀಳುವುದು ಅನ್ನಿಸಿಬಿಟ್ಟಿತ್ತು. ದೇವರನ್ನು ಕಳ್ಳನೆಂದುಕೊಂಡ ಹಾಗಾಯಿತು, ಗೊತ್ತು. ಹೆದರಿಕೆ ಯಾರ ಉಪದೇಶ ಕೇಳುತ್ತದೆ? ಅದಕ್ಕೆ, ಗಾಜು ಒಡೆಯದಿದ್ದುದಕ್ಕೆ ಸ್ತೋತ್ರ ಹೇಳಿದೆ. ನಲ್ಲಿಯ ಹೊಸ ವಾಷರ್‌ಗೆ, ಬಲ್ಬಿಗೆ, ಬಾಗಿಲಿನ ಚಿಲಕಕ್ಕೆ ಹೇಳಿದೆ. "ಇವಳ ಸ್ತೋತ್ರ ಕೇಳಿದ್ರೆ ದೇವರು ಹಾರ್ಡ್‌ವೇರ್ ಅಂಗಡಿ ಇಟ್ಟಿದಾನೆ ಅನ್ಸುತ್ತೆ" ಎಂದು ನಿನ್ನಪ್ಪ ಕಾಲೆಳೆದಿದ್ದರು.

ಅವರೇನು ಕಡಿಮೆಯಿಲ್ಲ. ನಿನ್ನನ್ನು 'ಗ್ಯಾಸ್ಟ್ರಿಕ್' ಎಂದೇ ಕರೆಯುವುದು. ಬಸ್ಸು ಓಡಿಸಿ ದಣಿದು ಬಂದವರು ಶೂ ಕಳಚುತ್ತಾ, ಇವತ್ತು ಗ್ಯಾಸ್ಟ್ರಿಕ್ ಹೇಗಿದೆ ಎಂದು ವಿಚಾರಿಸುತ್ತಿದ್ದರು. ನಾನು, ಬಹಳ ಒದೆಯುತ್ತಿದೆ ಎನ್ನುತ್ತಿದ್ದೆ. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಅವರೂ ಹೆದರಿಯೇ ಹಾಗೆ ಕರೆಯುತ್ತಿದ್ದರೆಂದು ತಿಳಿದದ್ದು ಇವತ್ತು. ಡಿಪೋದಲ್ಲಿ ಬಸ್ಸು ಬಿಟ್ಟು ಬರುತ್ತೇನೆಂದು ಫೋನಿನಲ್ಲಿ ಹೇಳುವಾಗ ಅವರು ಗ್ಯಾಸ್ಟ್ರಿಕ್ ಎನ್ನಲಿಲ್ಲ, ಮಗು ಎಂದರು.

ಸುದ್ದಿ ಕೇಳಿ ಮನೆಯಿಂದ ಬಂದ ಅತ್ತೆ ಪಕ್ಕದಲ್ಲಿ ಕೂತಿದ್ದಾರೆ. ತಡೆಯಲಾರದೆ ಅವರಿಗೆ ಎಲ್ಲವನ್ನೂ ಹೇಳಿಕೊಂಡೆ. ವಿಶ್ವಾಸ ಸಾಲದೆಂದು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಒರೆಸಿದರು.

"ನಾನೂ ಹೇಳಿಲ್ಲಮ್ಮಾ," ಎಂದರು. "ಬಾಯಿ ತನಕ ಬರ್ತಿತ್ತು, ನುಂಗ್ಕೊಂಡುಬಿಡ್ತಿದ್ದೆ."

ನಮ್ಮ ಮನೆಯಲ್ಲಿ ಹೆದರದವರು ಅವರೊಬ್ಬರೇ ಎಂದು ನಂಬಿದ್ದೆ. ಮೂವರು ದೊಡ್ಡವರು ಏಳು ತಿಂಗಳು ಕಣ್ಣು ಮುಚ್ಚಿ ಕೂತು, ನಿನ್ನನ್ನೊಂದು ಬಿಟ್ಟು ಮಿಕ್ಕ ಎಲ್ಲದಕ್ಕೂ ಸ್ತೋತ್ರ ಹೇಳಿದ್ದೇವೆ.

ನನಗಿಂತ ಮುಂಚಿನವರು ಒಳಗೆ ಹೋದರು. ಇನ್ನು ನಾನೇ. ನಿನ್ನ ಎದೆಬಡಿತ ಕೇಳಿಸಿದ ಮೇಲೆ ಸ್ತೋತ್ರ ಹೇಳೋಣವೆಂದು ಕಾದರೆ, ಅಕಸ್ಮಾತ್ ಕೇಳಿಸದಿದ್ದಲ್ಲಿ ನಿನಗೆ ಸ್ತೋತ್ರವೇ ಇಲ್ಲದಂತಾಗುತ್ತದೆ. ಅದು ನನ್ನಿಂದಾಗದು. ಅತ್ತೆಯ ಕೈ ಹಿಡಿದು ಈಗಷ್ಟೇ, ತೊದಲುತ್ತಾ ಹೇಳಿದೆ: "ಕರ್ತನೇ, ಏಳು ತಿಂಗಳು ಈ ಮಗು ನನ್ನ ಜೊತೆಗಿತ್ತು. ಸ್ತೋತ್ರ." ಅತ್ತೆ ಆಮೆನ್ ಎಂದು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟರು. ಹೆದರಿಕೆ ಹೋಗಿಲ್ಲ ಪುಟ್ಟಾ, ಒಂದು ಚೂರೂ ಹೋಗಿಲ್ಲ.

ಬಾಗಿಲು ತೆರೆಯಿತು. ನರ್ಸ್ ಕರೆಯುತ್ತಿದ್ದಾರೆ. ಬಾ, ಹೋಗೋಣ. ಒಳಗೆ ಏನೇ ಹೇಳಲಿ, ನೀನು ನನ್ನ ಮಗು. ಕರ್ತನು ನಿನ್ನ ಕೈ ಬಿಡದಿರಲಿ.

ನಿನ್ನ ಪುಕ್ಕಲು ಅಮ್ಮ