ಗೇಟು ತೆರೆದ ಹೆಬ್ಬೆರಳು

ವಿದ್ಯಾರಣ್ಯಪುರಂ, ಮೈಸೂರು
3ನೇ ಆಗಸ್ಟ್ 2025, ಭಾನುವಾರ

ಪ್ರೀತಿಯ ಪ್ರೇಮಕ್ಕಾ,

ಮೊದಲು ನಿನ್ನ ಮಂಡಿನೋವಿನ ವಿಷಯ ಹೇಳು. ನಾನು ಕೊಟ್ಟು ಕಳಿಸಿದ ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲ ದೇವರ ದೀಪಕ್ಕೆ ಸುರಿದೆಯೋ? ಭದ್ರಾವತಿಯಲ್ಲಿ ಎಂಟು ದಿನದಿಂದ ಮಳೆ ಬಿಟ್ಟಿಲ್ಲವೆಂದು ನಿನ್ನ ಮಗ ರವಿಚಂದ್ರ ಹೇಳಿದ. ಹೊಸೆದ ಊದುಬತ್ತಿ ಒಣಗುತ್ತಿಲ್ಲ ಎಂದು ನೀನು ಗೊಣಗುತ್ತಿರುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ನಾವೆಲ್ಲ ಚೆನ್ನಾಗಿದ್ದೇವೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನಗೆ ಅರ್ಧ ಕೇಳಿಸುತ್ತದೆ, ಉಳಿದರ್ಧ ನೀನೇ ಕಟ್ಟಿಕೊಳ್ಳುತ್ತೀಯ. ಈ ವಿಷಯ ಹಾಗೆ ಅರ್ಧಂಬರ್ಧ ಆಗಕೂಡದು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕೈಯಲ್ಲಿರುವ ಕೆಲಸ ಬಿಟ್ಟು, ಕನ್ನಡಕ ಹಾಕಿಕೊಂಡು ಕೂತು ಓದು.

ಹೋಗಿ ಬಂದೆ ಕಣಕ್ಕಾ. ನಿನ್ನ ತಂಗಿ ಕುಸುಮ ಸಿಂಗಪುರಕ್ಕೆ ಹೋಗಿ, ಐದು ದಿನ ಇದ್ದು, ನೆಟ್ಟಗೆ ವಾಪಸ್ಸು ಬಂದಿದ್ದಾಳೆ! ನಿನಗೆ ಜ್ಞಾಪಕವಿದೆಯಲ್ಲ, ನಾವಿಬ್ಬರೂ ಲಂಗ ಹಾಕುವ ಕಾಲದಲ್ಲಿ ಅಮ್ಮನ ಜೊತೆ ಮಣೆ ಮುಂದೆ ಕೂತು ಊದುಬತ್ತಿ ಹೊಸೆದು, ಕಟ್ಟು ಕಟ್ಟಿ ಕಂಪನಿಗೆ ಕೊಡಲು ಹೋದಾಗ ಅಲ್ಲಿನ ಪೆಟ್ಟಿಗೆಗಳ ಮೇಲೆ ದೊಡ್ಡಕ್ಷರದಲ್ಲಿ ಸಿಂಗಪುರ ಎಂದು ಬರೆದಿರುತ್ತಿತ್ತು. ನೀನು ಅದನ್ನು ಓದಿ, "ನಾವ್ ಹೊಸ್ದಿದ್ ಕಡ್ಡಿ ಓಯ್ತದೆ, ನಾವ್ ಮಾತ್ರ ಇಲ್ಲೇ ಕೂತಿರ್ಬೇಕಾ?" ಎಂದು ಅಮ್ಮನನ್ನು ಕೇಳಿ ತಲೆಗೆ ಮೊಟಕಿಸಿಕೊಂಡಿದ್ದೆ. ಆಸೆ ಹುಟ್ಟಿದ್ದು ನಿನಗೆ, ಹೋಗಿ ಬಂದವಳು ನಾನು. ಇದೊಂದು ಮುಳ್ಳು ಅಲ್ಲಿದ್ದ ಐದು ದಿನವೂ ನನ್ನನ್ನು ಚುಚ್ಚಿತು.

ನೀನು ಯಾಕೆ ಬರಲಿಲ್ಲ ಎನ್ನುವುದು ನನಗೆ ಗೊತ್ತು. ಎರಡು ವರ್ಷದ ಹಿಂದೆ ಇಬ್ಬರೂ ಪಾಸ್‌ಪೋರ್ಟ್ ಮಾಡಿಸೋಣ ಎಂದುಕೊಂಡ ವಾರವೇ ರೇಷನ್ ಅಂಗಡಿಯಲ್ಲಿ ಆ ಪ್ರಾಣಿ ಹತ್ತು ಜನರ ಮುಂದೆ, "ಹೆಬ್ಬೆಟ್ಟೇ ಬರ್ತಿಲ್ಲ, ನೀವು ನೀವೇ ಅಂತ ನಾನೆಂಗಮ್ಮಾ ನಂಬ್ಲಿ?" ಎಂದ. ನಲವತ್ತು ವರ್ಷ ಕಡ್ಡಿ ಹೊಸೆದರೆ ಬೆರಳಿನ ಗೆರೆ ಸವೆಯದೆ ಇನ್ನೇನಾಗುತ್ತದೆ? ನೀನು ಖಾಲಿ ಚೀಲ ಹಿಡಿದು ಮನೆಗೆ ಬಂದು, "ನನ್ ಬೆರಳು ಸತ್ತೋಗವೆ ಕಣೇ. ನೀನೋಗು" ಎಂದುಬಿಟ್ಟೆ. ಆಮೇಲೆ ಯಾರು ಎಷ್ಟು ಹೇಳಿದರೂ ಪಾಸ್‌ಪೋರ್ಟಿನ ಮಾತೆತ್ತಲಿಲ್ಲ. ನಾನು ಮೊಂಡಿ, ಹೋಗಿ ಮಾಡಿಸಿಕೊಂಡೆ. ಅಲ್ಲಿದ್ದ ಹುಡುಗಿ ನನ್ನ ಬೆರಳುಗಳನ್ನು ಒರೆಸಿ ಒರೆಸಿ ನಾಲ್ಕನೇ ಸಲಕ್ಕೆ ಹೇಗೋ ಮುಗಿಸಿದಳು.

ಈ ಸಲ ಮಗಳು ಗಗನಳಿಗೆ ರಜೆ ಸಿಕ್ಕಿತು, ನಮ್ಮಿಬ್ಬರಿಗೂ ಟಿಕೆಟ್ ತೆಗೆದೇಬಿಟ್ಟಳು. ನಮ್ಮ ಬೀದಿಯ ಸೈಬರ್ ಸೆಂಟರಿನ ವಿಜಯ್‌ಕುಮಾರ್ ಇದ್ದಾನಲ್ಲ, ಅವನೇ ವೀಸಾಕ್ಕೆ ಕಾಗದ ಪತ್ರ ಕಳಿಸಿಕೊಟ್ಟದ್ದು. ವೀಸಾ ಬಂತು, ಎಲ್ಲಿಗೆ? ಗಗನಳ ಮೊಬೈಲಿಗೆ. ಪಾಸ್‌ಪೋರ್ಟಿನಲ್ಲಿ ಅಂಟಿಸುವುದೂ ಇಲ್ಲ, ಸೀಲ್ ಹೊಡೆಯುವುದೂ ಇಲ್ಲ. ನಮ್ಮನೆಯವರು ಅದನ್ನು ಪ್ರಿಂಟ್ ತೆಗೆಸಿ ಹಿಂದೆ ಮುಂದೆ ತಿರುಗಿಸಿ ನೋಡಿ, "ಸೀಲೇ ಇಲ್ದಿರೋ ವೀಸಾ ಎಂಥದ್ದು?" ಎಂದು ಸಮಾಧಾನವಾಗದೆ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದರು. ಇಷ್ಟೆಲ್ಲ ಸರಾಗವಾಗಿ ನಡೆಯುತ್ತಿರುವಾಗ ವಿಜಯ್‌ಕುಮಾರ್ ತಣ್ಣಗೆ ಹೇಳಿದ, "ಅಲ್ಲಿ ಇಳಿದ್ಮೇಲೆ ಗೇಟು ತಾನೇ ತೆರ್ಕೊಳುತ್ತೆ ಕಣಮ್ಮ. ಮುಖ ನೋಡುತ್ತೆ, ಹೆಬ್ಬೆರಳು ನೋಡುತ್ತೆ, ಅಷ್ಟೇ." ರೇಷನ್ ಅಂಗಡಿಯಿಂದಾದರೆ ನಡೆದುಕೊಂಡು ಮನೆಗೆ ಬರಬಹುದು. ಸಮುದ್ರ ದಾಟಿ ಹೋಗಿ ಅಲ್ಲಿನ ಯಂತ್ರ ಇವಳು ಯಾರೋ ಗೊತ್ತಿಲ್ಲ ಎಂದರೆ ಎಲ್ಲಿಗೆ ಹೋಗಲಿ?

ಗಗನ ನನ್ನನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ನನ್ನ ಬೆರಳುಗಳನ್ನು ದೀಪದ ಕೆಳಗೆ ಹಿಡಿದು ನೋಡಿ, ಗೆರೆಗಳು ಒಳಗೆ ಇವೆ, ಮೇಲೆ ಸವೆದಿವೆ ಅಷ್ಟೇ, ಒಂದು ತಿಂಗಳು ಪೂರ್ತಿ ವಿಶ್ರಾಂತಿ ಕೊಟ್ಟರೆ ಮತ್ತೆ ಬರುತ್ತವೆ ಎಂದರು. ಅಕ್ಕಾ, ಆ ಒಂದು ತಿಂಗಳು ನೀನು ಇಲ್ಲಿರಬೇಕಿತ್ತು! ಊದುಬತ್ತಿ ಹೊಸೆಯುವಂತಿಲ್ಲ, ಪಾತ್ರೆ ಉಜ್ಜುವಂತಿಲ್ಲ, ಬಟ್ಟೆ ಕುಕ್ಕುವಂತಿಲ್ಲ. ರಾತ್ರಿ ಮಲಗುವ ಮುಂಚೆ ಕೈಗೆ ಕೊಬ್ಬರಿ ಎಣ್ಣೆ. ನಮ್ಮನೆಯವರು ಪಂಚೆ ಎತ್ತಿ ಕಟ್ಟಿ ಪಾತ್ರೆಗೆ ಕೂತರು. ಹೂಟಗಳ್ಳಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮಿಷನ್ನು ನಡೆಸಿದ ಮನುಷ್ಯನಿಗೆ ಸಾರಿನ ಪಾತ್ರೆಯ ತಳ ಬೆಳಗಲು ಬರುವುದಿಲ್ಲ. ನಾನು ಕುರ್ಚಿಯಲ್ಲಿ ಕೈಕಟ್ಟಿ ಕೂತು ಅಪ್ಪಣೆ ಕೊಡುತ್ತಿದ್ದೆ. ಮದುವೆಯಾದ ಮೇಲೆ ಇಷ್ಟು ಸುಖ ಪಟ್ಟಿರಲಿಲ್ಲ. ಪ್ರತಿ ಸೋಮವಾರ ಹೋಗಿ ವಿಜಯ್‌ಕುಮಾರನ ಪಿಂಚಣಿ ಮಿಷನ್ನಿನ ಮೇಲೆ ಬೆರಳಿಡುವುದು. ಮೊದಲ ವಾರ ಕೆಂಪು ದೀಪ, ಎರಡನೇ ವಾರ ಕೆಂಪು, ಮೂರನೇ ವಾರವೂ ಕೆಂಪು. ನಾಲ್ಕನೇ ಸೋಮವಾರ ಬಲಗೈ ಹೆಬ್ಬೆರಳಿಗೆ ಹಸಿರು ದೀಪ ಹತ್ತಿತು. ನಾನು ಅಂಗಡಿಯಲ್ಲೇ ಕೂಗಿಕೊಂಡೆ.

ಇನ್ನು ನನ್ನ ಬುದ್ಧಿಯ ಕಥೆ ಕೇಳು. ಆಷಾಢ ಅಲ್ಲವೇ, ಕೆಲಸವಿಲ್ಲದೆ ಕೂತ ಕೈ ಬೇರೆ. ಹಿತ್ತಲಿನ ಗೋರಂಟಿ ಸೊಪ್ಪು ಅರೆದು, ಪ್ರಯಾಣಕ್ಕೆ ಲಕ್ಷಣವಾಗಿರಲಿ ಎಂದು ಹತ್ತೂ ಬೆರಳಿಗೆ ಅಮ್ಮ ಹಾಕುತ್ತಿದ್ದಳಲ್ಲ, ಹಾಗೇ ಟೋಪಿ ಹಾಕಿಕೊಂಡುಬಿಟ್ಟೆ! ಹೊರಡಲು ಐದು ದಿನ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ಬೆರಳ ತುದಿಗಳು ಕಡುಗೆಂಪು. ಬಣ್ಣ ಎಷ್ಟು ಚೆನ್ನಾಗಿ ಹತ್ತಿತ್ತೆಂದರೆ ಸಂತೋಷ ತಡೆಯಲಾರದೆ ಗಗನಳಿಗೆ ತೋರಿಸಿದೆ. ಅವಳು ಕಾಫಿ ಲೋಟ ಕೆಳಗಿಟ್ಟು ತಲೆ ಮೇಲೆ ಕೈ ಹೊತ್ತು ಕೂತಳು. ಓಡಿದೆವು ಸೈಬರ್ ಸೆಂಟರಿಗೆ. ಕೆಂಪು ದೀಪ. ಮತ್ತೆ ಇಟ್ಟೆ, ಮತ್ತೆ ಕೆಂಪು. ತಿಂಗಳೆಲ್ಲ ಪಾತ್ರೆ ತೊಳೆದ ಮನುಷ್ಯ ಒಂದು ಮಾತೂ ಬೈಯಲಿಲ್ಲ, "ನಡೀ, ಆದದ್ದಾಯ್ತು" ಎಂದರು. ಅದಕ್ಕೇ ನನಗೆ ಅಳು ಬಂದದ್ದು.

ಹೊರಡುವ ಮುಂಚಿನ ಮೂರು ದಿನದೊಳಗೆ ಮೊಬೈಲಿನಲ್ಲೇ ಇನ್ನೊಂದು ಚೀಟಿ ತುಂಬಬೇಕು, ಎಲ್ಲಿ ಇಳಿಯುತ್ತೀರಿ, ಜ್ವರ ಗಿರ ಇದೆಯೇ ಎಂದೆಲ್ಲ ಕೇಳುತ್ತಾರೆ. ಅದನ್ನೂ ಗಗನ ತುಂಬಿದಳು. ಬೆಂಗಳೂರಿಗೆ ಬಸ್ಸು, ಅಲ್ಲಿಂದ ವಿಮಾನ. ಇಳಿದ ಮೇಲೆ ಗಾಜಿನ ಗೇಟುಗಳ ಸಾಲು. ಗಗನ ಮುಂದೆ ಹೋದಳು, ಗೇಟು ಅವಳ ಹಿಂದೆ ಮುಚ್ಚಿತು, ನಾನು ಈಚೆ ಒಬ್ಬಳೇ ಉಳಿದೆ. ಪಾಸ್‌ಪೋರ್ಟ್ ಇಟ್ಟೆ, ಸರಿಹೋಯಿತು. ಕನ್ನಡಕ ತೆಗೆದು ಕ್ಯಾಮೆರಾ ನೋಡಿದೆ, ಸರಿಹೋಯಿತು. ಹೆಬ್ಬೆರಳು ಇಟ್ಟೆ. ಕೆಂಪು. ಮತ್ತೆ ಒತ್ತಿದೆ. ಕೆಂಪು. ಹಿಂದೆ ಸಾಲಿನಲ್ಲಿದ್ದವರು ಪಕ್ಕದ ಗೇಟಿಗೆ ಸರಿಯತೊಡಗಿದರು. ರೇಷನ್ ಅಂಗಡಿಯ ಮುಂದೆ ಖಾಲಿ ಚೀಲ ಹಿಡಿದು ನಿಂತಿದ್ದ ನೀನೇ ಕಣ್ಣ ಮುಂದೆ ಬಂದೆ. ಸಮವಸ್ತ್ರ ತೊಟ್ಟ ಹೆಂಗಸೊಬ್ಬಳು ನನ್ನ ಕಡೆ ಬರುತ್ತಿರುವುದು ಕಂಡಿತು. ಇಷ್ಟು ಜೋರಾಗಿ ಒತ್ತುತ್ತಿದ್ದೆನಕ್ಕಾ, ಉಗುರೆಲ್ಲ ಬೆಳ್ಳಗಾಗಿತ್ತು. ಅದನ್ನು ನೋಡಿದಾಗಲೇ ನಿನ್ನ ಮಾತು ನೆನಪಾದದ್ದು. ಮೊದಲ ಸಲ ಮಣೆ ಮುಂದೆ ಕೂರಿಸಿ ನೀನು ನನ್ನ ಕೈ ಮೇಲೆ ಕೈಯಿಟ್ಟು ಹೇಳಿದ್ದೆಯಲ್ಲ, "ಒತ್ತಬ್ಯಾಡ ಕಣೇ, ಕಡ್ಡಿ ಮುರ್ದೋಯ್ತದೆ. ಕೈನ ಸುಮ್ಕೆ ಮಲಗ್ಸು." ಕೈ ತೆಗೆದು ಸೆರಗಿಗೆ ಒರೆಸಿಕೊಂಡೆ. ಕಡ್ಡಿಯ ಮೇಲೆ ಇಡುವ ಹಾಗೇ ಹೆಬ್ಬೆರಳನ್ನು ಸುಮ್ಮನೆ ಮಲಗಿಸಿದೆ. ಹಸಿರು! ಗೇಟು ತೆರೆಯಿತು ಅಕ್ಕಾ! ನಾನು ಆ ಹೆಂಗಸಿಗೆ ಕೈಮುಗಿದೆ, ಅವಳು ನನ್ನ ಗೋರಂಟಿ ನೋಡಿ ನಕ್ಕಳು. ಗಗನ ಆಚೆ ನಿಂತು ಮಗುವಿನ ಹಾಗೆ ಕುಣಿಯುತ್ತಿದ್ದಳು.

ನಮ್ಮನೆಯವರು ಮಾಡಿಸಿಕೊಟ್ಟ ಮೂರು ಸೆಟ್ ಜೆರಾಕ್ಸ್, ಲ್ಯಾಮಿನೇಷನ್ ಯಾವುದನ್ನೂ ಒಬ್ಬರೂ ಕೇಳಲಿಲ್ಲ. ಅವರಿಗೆ ಮಾತ್ರ ಕೇಳಿದರು ಎಂದು ಹೇಳಿದ್ದೇನೆ, ನೀನು ಬಾಯಿಬಿಡಬೇಡ. ಪಾಸ್‌ಪೋರ್ಟಿನಲ್ಲಿ ಹೋಗಿ ಬಂದದ್ದಕ್ಕೆ ಒಂದು ಚುಕ್ಕಿಯೂ ಇಲ್ಲ. ಎದುರು ಮನೆಯ ಮಂಗಳಮ್ಮ ಸೀಲ್ ತೋರಿಸು ಎಂದು ಬಂದು ಬರಿಗೈಯಲ್ಲಿ ಹೋದಳು, ಅವಳಿಗಿನ್ನೂ ನಂಬಿಕೆ ಬಂದಿಲ್ಲ. ಮೂರನೇ ದಿನ ಅಲ್ಲಿ ನಮ್ಮವರ ಅಂಗಡಿಗಳಿರುವ ಬೀದಿಗೆ ಹೋದೆವು. ಹೂವಿನ ಬುಟ್ಟಿಯ ಪಕ್ಕದಲ್ಲೇ ಊದುಬತ್ತಿ ಕಟ್ಟುಗಳು, ಮೇಲೆ ಮೈಸೂರು ಎಂದಿತ್ತು. ಒಂದು ಕಡ್ಡಿ ತೆಗೆದು ನೋಡಿದೆ. ಕೈಯಲ್ಲಿ ಹೊಸೆದದ್ದೇ, ಮಿಷನ್ನಿನದಲ್ಲ. ಕಣ್ಣಲ್ಲಿ ನೀರು ಬಂತು. ದುಡ್ಡು ಕೊಟ್ಟು ಒಂದು ಕಟ್ಟು ಕೊಂಡು ಮತ್ತೆ ಮೈಸೂರಿಗೇ ತಂದೆ. ಗಗನ ನಗಾಡಿದಳು, ನಗಲಿ ಬಿಡು. ಅದರಲ್ಲೊಂದು ಕಡ್ಡಿಯನ್ನು ಎರಡಾಗಿ ಮುರಿದು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಅಮ್ಮನ ಫೋಟೋ ಮುಂದೆ ಹಚ್ಚು.

ರವಿಚಂದ್ರನಿಗೂ ಸೊಸೆಗೂ ನನ್ನ ಆಶೀರ್ವಾದ ತಿಳಿಸು. ನಮ್ಮನೆಯವರು ನಿನಗೆ ನಮಸ್ಕಾರ ಹೇಳಿದ್ದಾರೆ, ಪಾತ್ರೆ ತೊಳೆಯುವುದನ್ನು ಅವರು ಇನ್ನೂ ಬಿಟ್ಟಿಲ್ಲ, ನಾನೂ ಜ್ಞಾಪಿಸಿಲ್ಲ. ನಿನ್ನ ಕಾಲಿಗೆ ಬಿದ್ದು ಮುಗಿಸುತ್ತೇನೆ.

ನಿನ್ನ ಮೊಂಡು ತಂಗಿ,
ಕುಸುಮ

ಮರೆತಿದ್ದೆ: ಗಗನಳೂ ರವಿಚಂದ್ರನೂ ಸೇರಿ ಸೆಪ್ಟೆಂಬರ್ ಹತ್ತಕ್ಕೆ ನಿನ್ನ ಪಾಸ್‌ಪೋರ್ಟಿಗೆ ದಿನ ಗೊತ್ತು ಮಾಡಿದ್ದಾರೆ. ಈ ಕಾಗದ ನಿನ್ನ ಕೈ ಸೇರಿದ ಮೇಲೂ ಒಂದು ತಿಂಗಳಿರುತ್ತದೆ. ನಿನ್ನ ಬೆರಳು ಸತ್ತಿಲ್ಲ ಅಕ್ಕಾ, ದಣಿದಿವೆ ಅಷ್ಟೇ. ಇವತ್ತಿನಿಂದ ಪಾತ್ರೆ ಮುಟ್ಟಬೇಡ, ಗೋರಂಟಿಯ ಗಿಡದ ಹತ್ತಿರ ಸುಳಿಯಬೇಡ. ಮುಂದಿನ ಸಲ ಆ ಗೇಟಿನಲ್ಲಿ ನೀನು ಮೊದಲು, ನಾನು ನಿನ್ನ ಹಿಂದೆ. ಇನ್ನು ಕಾಗದ ಮಡಿಸಿಟ್ಟು ಮಣೆ ಹುಡುಕಲು ಏಳಬೇಡ. ನೀನು ಇದನ್ನು ಓದುತ್ತಿರುವಾಗ ರವಿ ಅದನ್ನು ಪಕ್ಕದ ಮನೆಗೆ ಸಾಗಿಸಿರುತ್ತಾನೆ.